ಮೇಲೆ ಖಾಲಿ ಬಿಟ್ಟ ಪಟ

ತಮ್ಮ ಗೊರಕೆ ಎಷ್ಟು ಜೋರು ಎಂಬುದನ್ನು ಯಾರೂ ತಾವಾಗಿಯೇ ತಿಳಿಯಲಾರರು. ಪಕ್ಕದಲ್ಲಿ ಮಲಗಿದವರು ಹೇಳಬೇಕು. ಹೇಳಿದರೂ ನಾವು ನಂಬುವುದಿಲ್ಲ. ತಾನು ತೆಗೆದ ಫೋಟೋ ಚೆನ್ನಾಗಿದೆಯೇ ಎಂಬುದೂ ಅದೇ ಜಾತಿಯ ಪ್ರಶ್ನೆ. ನನ್ನನ್ನು ಕೇಳಿದರೆ ನಾನು ತೆಗೆದ ಪಟಗಳೆಲ್ಲ ಚೆನ್ನಾಗಿಯೇ ಇವೆ. ಕೆಲವು ಮಸುಕಾಗಿವೆ, ಅದು ಬಿಸಿಲಿನ ತಪ್ಪು. ಕೆಲವರಿಗೆ ತಲೆ ಬಂದಿಲ್ಲ, ಅಷ್ಟು ಎತ್ತರ ಬೆಳೆದದ್ದು ಅವರ ತಪ್ಪು. ಆದರೆ ಪಟ ಚೆನ್ನಾಗಿರುವುದು ಬೇರೆ, ಅದನ್ನು ಕೊಳ್ಳುವವರು ಇರುವುದು ಬೇರೆ. ಈ ಎರಡರ ನಡುವಿನ ದೂರವನ್ನು ನಾನು ಕಂಡವನು. ಅದನ್ನು ಕಾಣುವ ಭರದಲ್ಲಿ ನಮ್ಮ ಅತ್ತೆಯವರು ಕೂತಿದ್ದ ಬಸ್ಸು ಇಳಿಜಾರಿನಲ್ಲಿ ಹಿಮ್ಮುಖವಾಗಿ ಉರುಳಿದ್ದನ್ನೂ ಕಂಡೆ. ಆಗಿ ತಿಂಗಳುಗಳೇ ಕಳೆದವು. ಈಗಲೂ ಬೆಳಿಗ್ಗೆ ಕಾಫಿಯ ಲೋಟ ಕೈಗೆ ತೆಗೆದುಕೊಂಡರೆ ಸಾಕು, ಆ ಬಸ್ಸು ಮತ್ತೆ ಹೊರಡುತ್ತದೆ. ಲೋಟ ಕೆಳಗಿಟ್ಟು, ಬಸ್ಸು ಎಲ್ಲಾದರೂ ಹೋಗಿ ನಿಲ್ಲಲಿ ಎಂದು ಕಾದು, ಮತ್ತೆ ಎತ್ತಿಕೊಳ್ಳುತ್ತೇನೆ. ಅಷ್ಟರಲ್ಲಿ ಕಾಫಿ ಆರಿರುತ್ತದೆ.

ಮೊದಲು ಕ್ಯಾಮೆರಾ ಮನೆಗೆ ಬಂದ ಬಗೆ ಹೇಳಿಬಿಡುತ್ತೇನೆ. ನಾನು ದೊಡ್ಡಬಳ್ಳಾಪುರದಲ್ಲಿ ಚರಿತ್ರೆ ಪಾಠ ಹೇಳುವ ಮೇಷ್ಟ್ರು, ಮೈಸೂರಿನಲ್ಲಿ ಬಿ.ಎ. ಓದಿದವನು. ಯುದ್ಧದ ಕಾಲ. ಬೆಂಗಳೂರಿನ ದಂಡಿನಲ್ಲಿ ಊರು ಬಿಟ್ಟು ಹೊರಟ ಯಾವನೋ ಅಧಿಕಾರಿಯ ಮನೆಯ ಸಾಮಾನು ಹರಾಜಿಗೆ ಬಂದಿದೆ, ಅದರಲ್ಲಿ ಹೊಲಿಗೆ ಯಂತ್ರವೂ ಇದೆ ಎಂಬ ಸುದ್ದಿ ಕೇಳಿ ನನ್ನ ಹೆಂಡತಿ ಜಯಮ್ಮ ನನ್ನನ್ನು ಅಲ್ಲಿಗೆ ಅಟ್ಟಿದಳು. ಹೋದೆ. ಹೊಲಿಗೆ ಯಂತ್ರ ಇತ್ತು, ಸುಳ್ಳು ಹೇಳಬಾರದು. ಆದರೆ ಅದರ ಪಕ್ಕದಲ್ಲಿ ಒಂದು ಕಪ್ಪು ಡಬ್ಬಿಯೂ ಇತ್ತು, ಮುಂದೆ ಒಂದೇ ಕಣ್ಣು. ಆ ಕಣ್ಣು ನನ್ನನ್ನು ನೋಡಿತು. ಓದಿದವರಿಗೆ ಇದೊಂದು ಕಾಯಿಲೆ. ಉಪಯೋಗದ ವಸ್ತುವಿನ ಪಕ್ಕದಲ್ಲಿ ನಿರುಪಯೋಗದ್ದು ಇದ್ದರೆ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಸಂಜೆ ಮನೆಗೆ ಬಂದು ಡಬ್ಬಿಯನ್ನು ಜಗಲಿಯ ಮೇಲಿಟ್ಟೆ. ಜಯಮ್ಮ ಅದನ್ನು ಸುತ್ತ ತಿರುಗಿಸಿ ನೋಡಿದಳು.

“ಏನೂಂದ್ರೆ, ಹೊಲಿಗೆ ಮಿಷನ್ನು ಇಷ್ಟು ಚಿಕ್ಕದೂ ಬರುತ್ತಾ? ಸೂಜಿ ಎಲ್ಲಿಂದ ಈಚೆಗೆ ಬರುತ್ತೆ?” ಎಂದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೂ ಹಾಗೆ ಕೇಳುವುದು ಅವಳ ಬೈಗುಳದ ರೀತಿ.

ಒಂದು ವಾರದಲ್ಲಿ ನಮ್ಮ ಬೀದಿಯ ದರ್ಜಿಗೂ ಸುದ್ದಿ ಮುಟ್ಟಿತು. ಅವನ ಹತ್ತಿರ ಹಳೆಯದೊಂದು ಹೊಲಿಗೆ ಯಂತ್ರ ಮೂಲೆಯಲ್ಲಿ ಕೂತಿತ್ತು. ಅವನ ಅಳಿಯನಿಗೆ ಕ್ಯಾಮೆರಾದ ಹುಚ್ಚಿತ್ತು. ಅದಕ್ಕೆ ಇದು, ಇದಕ್ಕೆ ಅದು ಬದಲು ಮಾಡಿಕೊಳ್ಳೋಣ ಎಂದು ಜಯಮ್ಮನಿಗೆ ಹೇಳಿ ಕಳಿಸಿದ. ಇಷ್ಟು ನ್ಯಾಯವಾದ ಮಾತಿಗೆ ಎದುರು ಹೇಳುವುದು ಕಷ್ಟ. ಆದರೂ ಹೇಳಿದೆ: ಪಟ ಎಂದರೆ ಬರೀ ಶೋಕಿಯಲ್ಲ, ಕೊಳ್ಳುವವರಿದ್ದಾರೆ, ಕ್ಯಾಲೆಂಡರಿನ ಮೇಲೆ ಹಾಕುತ್ತಾರೆ, ಪಟದ ಅಂಗಡಿಯ ಖಾದರ್ ಸಾಹೇಬರನ್ನು ಬೇಕಾದರೆ ಕೇಳು. ಜಯಮ್ಮ ಸ್ವಲ್ಪ ಯೋಚಿಸಿದಳು.

“ಸರಿ. ದೀಪಾವಳಿಯೊಳಗೆ ಆ ಸಾಹೇಬ್ರು ನಿಮ್ಮದು ಒಂದೇ ಒಂದು ಪಟ ಕೊಂಡ್ಕೊಳ್ಲಿ. ಡಬ್ಬಿ ನಿಮ್ಮದು, ನಾನು ಇನ್ನು ಅದರ ಸುದ್ದಿ ಎತ್ತಲ್ಲ. ಕೊಂಡ್ಕೊಳ್ಲಿಲ್ಲ ಅಂದ್ರೆ ಮಿಷನ್ನು ನನ್ನದು. ಆಮೇಲೆ ಮೈಸೂರು ಚರಿತ್ರೆ ಎಲ್ಲ ತಗೀಬಾರ್ದು.”

ಖಾದರ್ ಸಾಹೇಬರ ಅಂಗಡಿ ಪೇಟೆಯಲ್ಲಿತ್ತು. ಮೇಲ್ನೋಟಕ್ಕೆ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಆದರೆ ಅವರ ನಿಜವಾದ ವ್ಯಾಪಾರ ಹಿಂದುಗಡೆಯ ಬಿಸ್ಕತ್ತಿನ ಡಬ್ಬಗಳಲ್ಲಿತ್ತು. ಯಾರ್ಯಾರೋ ತೆಗೆದ ಫೋಟೋಗಳನ್ನು ಕೊಂಡು, ಜಾತಿವಾರು ವಿಂಗಡಿಸಿ ಇಟ್ಟುಕೊಳ್ಳುತ್ತಿದ್ದರು: ಹಸು ಒಂದು ಡಬ್ಬ, ಮಗು ಒಂದು ಡಬ್ಬ, ಬೆಟ್ಟ ಒಂದು, ಕೊಡ ಹೊತ್ತ ಹೆಂಗಸು ಒಂದು. ಬೆಂಗಳೂರಿನಿಂದ ಕ್ಯಾಲೆಂಡರು ಅಚ್ಚು ಹಾಕುವವರು ಬಂದು, ಕೇಶತೈಲದವರಿಗೆ ಇಂಥದು ಬೇಕು, ಊದಿನಕಡ್ಡಿಯವರಿಗೆ ಅಂಥದು ಬೇಕು ಎಂದರೆ ಆಯಾ ಡಬ್ಬ ತೆರೆದು ಮುಂದಿಡುವುದು. ಇವತ್ತು ತೆಗೆದ ಪಟ ಮೂರು ವರ್ಷದ ಮೇಲೆ ಯಾವುದೋ ಸೋಪಿನ ಕೆಳಗೆ ಕೂರಬಹುದು. ಅದು ಎಂಥ ಸೋಪು ಎಂದು ತೆಗೆದವನಿಗೂ ಗೊತ್ತಿಲ್ಲ, ಪಟಕ್ಕೂ ಗೊತ್ತಿಲ್ಲ. ಈ ನಿರ್ಲಿಪ್ತತೆ ನನಗೆ ಬಹಳ ಹಿಡಿಸಿತು.

ಮೊದಲ ಸಲ ಹೋದಾಗ ಒಂದು ಕಟ್ಟು ಪಟ ತೆಗೆದುಕೊಂಡು ಹೋಗಿದ್ದೆ. ಎಲ್ಲಕ್ಕಿಂತ ಮೇಲೆ ಶಿವಗಂಗೆಯ ಬೆಟ್ಟ. ಪಟದ ತುಂಬ ಬೆಟ್ಟವೇ ಬೆಟ್ಟ, ಅಂಚಿನವರೆಗೂ ಬಂಡೆ. ಸಾಹೇಬರು ಕನ್ನಡಕ ಏರಿಸಿ, ಇಳಿಸಿ, ಪಟವನ್ನು ದೂರ ಹಿಡಿದು ನೋಡಿದರು.

“ಬಹಳ ಚೆನ್ನಾಗೈತೆ ಮೇಷ್ಟ್ರೇ. ಮಾಶಾ ಅಲ್ಲಾ. ಆದ್ರೆ ಖಾಲಿ ಎಲ್ಲೈತೆ?”

“ಏನು ಖಾಲಿ?”

“ಅರೆ, ಕಂಪನಿ ಹೆಸರು ಎಲ್ಲಿ ಬರೀಬೇಕು? ಶಿವಗಂಗೆ ಮೇಲೇನೇ ಬರೀಲಾ? ಮೇಲ್ಗಡೆ ಮೂರು ಪಾಲಲ್ಲಿ ಎರಡು ಪಾಲು ಖಾಲಿ ಬಿಡ್ಬೇಕು. ಗಿರಾಕಿ ದುಡ್ಡು ಕೊಡೋದು ಖಾಲಿಗೆ. ಕೆಳಗೆ ಇರೋ ಬೆಟ್ಟ, ಹಸು ಎಲ್ಲ ಹಾಗೇ ಸುಮ್ನೆ, ಊಟದ ಜೊತೆ ಉಪ್ಪಿನಕಾಯಿ ಇದ್ದಂಗೆ.”

ಇನ್ನೊಂದು ಪಟ ಕೊಟ್ಟೆ: ಹಸುವಿನ ಪಕ್ಕದಲ್ಲಿ ನಿಂತು ನಗುತ್ತಿರುವ ಒಬ್ಬ ಮುದುಕ. “ಇವ್ರು ಯಾರು?” ಎಂದರು. ನಮ್ಮ ಹೆಂಡತಿಯ ಊರಿನವರು, ಪುಟ್ಟಣ್ಣ ಎಂದೆ. ಸಾಹೇಬರು ಪಟವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. “ನೋಡಿ, ಅದೇ ಆಗ್ಬಾರ್ದು. ಇದು ಪುಟ್ಟಣ್ಣ. ನಾಳೆ ಈ ಪಟ ಕೆಮ್ಮಿನ ಔಷಧದ ಮೇಲೆ ಬಂತು ಅಂತಿಟ್ಕೊಳ್ಳಿ, ಪುಟ್ಟಣ್ಣ ದೊಣ್ಣೆ ತಗೊಂಡು ನನ್ನಂಗ್ಡಿಗೆ ಬರ್ತಾನೆ, ನಂಗೆಲ್ಲಿ ಕೆಮ್ಮು ಐತೆ ಅಂತ. ಮನುಷ್ಯ ಯಾರೋ ಆಗಿರ್ಬೇಕು. ಹಸು ಯಾರದೋ ಆಗಿರ್ಬೇಕು. ಮುಖ ತೋರಿಸ್ಬೇಡಿ, ಬೆನ್ನು ತೋರಿಸಿ. ಬೆನ್ನು ಎಲ್ಲರದ್ದೂ ಒಂದೇ.”

ನಾನು ಚರಿತ್ರೆಯವನು. ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಂದಲೇ ಅನ್ನ ಸಂಪಾದಿಸುವವನು. ಇಲ್ಲಿ ನೋಡಿದರೆ ಯಾರೂ ಅಲ್ಲ, ಎಲ್ಲಿಯೂ ಅಲ್ಲ, ಯಾವಾಗಲೂ ಅಲ್ಲ ಎಂಬಂಥ ಪಟ ಬೇಕು. ಮನೆಗೆ ಬಂದು ನನ್ನ ಪಟಗಳನ್ನೆಲ್ಲ ಚಾಪೆಯ ಮೇಲೆ ಹರಡಿ ನಾನೇ ಪರೀಕ್ಷೆ ಮಾಡಲು ಕೂತೆ. ಆಗಲಿಲ್ಲ. ಪ್ರತಿಯೊಂದನ್ನೂ ತೆಗೆದ ದಿನದ ಬಿಸಿಲು, ಕಾಲಿಗೆ ಚುಚ್ಚಿದ ಮುಳ್ಳು, ಅಲ್ಲಿ ಕುಡಿದ ಮಜ್ಜಿಗೆ ಎಲ್ಲ ನೆನಪಿಗೆ ಬಂದು ಎಲ್ಲಕ್ಕೂ ಮೊದಲನೆಯ ದರ್ಜೆಯೇ ಸಿಕ್ಕಿತು. ಹುಡುಗರ ಉತ್ತರಪತ್ರಿಕೆಗೆ ಇಷ್ಟು ಧಾರಾಳವಾಗಿ ನಾನು ಎಂದೂ ಅಂಕ ಕೊಟ್ಟವನಲ್ಲ.

ಆಗ ನನಗೆ ಹೊಳೆದದ್ದು ಅತ್ತೆಯವರು. ನಮ್ಮ ಅತ್ತೆ ಮುನಿಯಮ್ಮನವರು ದೊಡ್ಡಬೆಳವಂಗಲದವರು, ಆಗ ನಮ್ಮ ಮನೆಯಲ್ಲೇ ಇದ್ದರು. ಸುತ್ತಲ ಹತ್ತೂರಿನ ಮನುಷ್ಯರು, ದನಕರು, ಮರಗಿಡ ಎಲ್ಲದರ ವಂಶಾವಳಿ ಅವರಿಗೆ ಬಾಯಿಪಾಠ. ಅವರಿಗೆ ಗುರುತು ಸಿಕ್ಕಿದ ಪಟ ಸಾಹೇಬರಿಗೆ ಬೇಡದ ಪಟ ಎಂದು ಲೆಕ್ಕ ಹಾಕಿದೆ. ತೊಂದರೆಯೆಂದರೆ ಅತ್ತೆಯವರು ನನ್ನೊಡನೆ ಮಾತಾಡುವುದಿಲ್ಲ. ಮುನಿಸೇನಲ್ಲ, ಮರ್ಯಾದೆ. ಅವರ ಕಡೆ ಅತ್ತೆಯಾದವಳು ಅಳಿಯನಿಗೆ ನೇರವಾಗಿ ಮಾತು ಹಾಕಬಾರದು. ಹೇಳುವುದನ್ನು ಮಗಳಿಗೆ ಹೇಳಬೇಕು, ಮಗಳಿಲ್ಲದಿದ್ದರೆ ಕಂಬಕ್ಕೆ. ಮದುವೆಯಾದ ಲಾಗಾಯ್ತು ನಾನು ಅವರ ಮಾತನ್ನೆಲ್ಲ ಜಯಮ್ಮನ ಮೂಲಕವೋ ನಡುಮನೆಯ ಕಂಬದ ಮೂಲಕವೋ ಕೇಳಿದವನು. ಪಟಗಳ ಪರೀಕ್ಷೆಯೂ ಹಾಗೆಯೇ ನಡೆಯಿತು. ನಾನು ಪಟವನ್ನು ಜಯಮ್ಮನಿಗೆ ಕೊಡುವುದು, ಜಯಮ್ಮ ಅತ್ತೆಯವರ ಮುಂದೆ ಹಿಡಿಯುವುದು.

“ಜಯಾ, ಇದು ತಿಮ್ಮಕ್ಕನ ಕೊಟ್ಟಿಗೆ ಹಸು ಕಣೆ. ಕೊಂಬು ನೋಡು.” ಬೇಡದ ಪಟ. “ಈ ಬೆನ್ನು ನಮ್ಮ ಗಂಗಣ್ಣಂದು. ಎಡಭುಜ ಇಳೀಬಿಟ್ಟು ನಿಲ್ತಾನೆ, ಅವರಪ್ಪನೂ ಹಂಗೇ.” ಅದೂ ಬೇಡದ ಪಟ. ಒಂದು ಹುಣಸೇಮರವನ್ನು ಕೂಡ ಬಿಡಲಿಲ್ಲ. “ಇದರ ಕಾಯಿ ಬಲೇ ಹುಳಿ ಅಂತ ನಿನ್ ಯಜಮಾನ್ರಿಗೆ ಹೇಳು.” ಬೆನ್ನು ಎಲ್ಲರದ್ದೂ ಒಂದೇ ಎಂದ ಸಾಹೇಬರು ನಮ್ಮ ಅತ್ತೆಯವರನ್ನು ಕಂಡಿರಲಿಲ್ಲ. ಚಾಪೆಯ ಮೇಲಿನ ಪಟಗಳೆಲ್ಲ ಹೋದವು. ಜಯಮ್ಮ ಎದ್ದು ಹೋಗಿ, ಹೊಲಿಗೆ ಯಂತ್ರ ಇಟ್ಟರೆ ಎಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಕಿಟಕಿಯ ಹತ್ತಿರ ಮೊಳ ಹಾಕಿ ನೋಡಿದಳು.

ದೀಪಾವಳಿ ಹತ್ತಿರ ಬಂತು. ಯುದ್ಧದ ಗಲಾಟೆಯಲ್ಲಿ ರೀಲು ಸಿಗುವುದೇ ದುರ್ಲಭ. ಡಬ್ಬಿಯೊಳಗೆ ಉಳಿದಿದ್ದದ್ದು ಕೊನೆಯ ಒಂದು ಪಟ. ಅಷ್ಟರಲ್ಲಿ ಅತ್ತೆಯವರು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆಯ ಹಾಲು ಒಪ್ಪಿಸಬೇಕು ಎಂದರು. ಮೂವರೂ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಆಗಿನ ಬಸ್ಸುಗಳಿಗೆ ಪೆಟ್ರೋಲು ಎಲ್ಲಿತ್ತು? ಹಿಂದುಗಡೆ ಹಂಡೆಯಂಥ ಒಂದು ಒಲೆ, ಅದರಲ್ಲಿ ಇದ್ದಿಲು. ಆ ಇದ್ದಿಲಿನ ಹೊಗೆಯಲ್ಲಿ ಬಸ್ಸು ಓಡುತ್ತಿತ್ತು. ಓಡುತ್ತಿತ್ತು ಎಂಬುದು ಸಮನಾದ ರಸ್ತೆಯ ಮಾತು. ಏರು ಬಂದರೆ ಅದಕ್ಕೆ ಉಬ್ಬಸ. ಘಾಟಿಯ ಏರಿನಲ್ಲಿ ಡ್ರೈವರು ಬಸ್ಸು ನಿಲ್ಲಿಸಿ, ಹಿಂದಕ್ಕೆ ತಿರುಗಿ, “ಇಳೀರಪ್ಪ ಎಲ್ಲ, ಸ್ವಲ್ಪ ಕೈ ಹಾಕ್ರಿ,” ಎಂದು ಅಭ್ಯಾಸಬಲದಿಂದ ಹೇಳಿದ. ಎಲ್ಲರೂ ಅಭ್ಯಾಸಬಲದಿಂದ ಇಳಿದರು. ಅತ್ತೆಯವರು ಇಳಿಯಲಿಲ್ಲ. “ನಂಗೆ ಮಂಡಿ ನೋವು. ಹಾಲು ಬೇರೆ ತುಳುಕುತ್ತೆ. ನಾನೊಬ್ಳು ಇಳಿದ್ರೆ ನಿನ್ ಬಸ್ಸೇನು ಹಾರುತ್ತಾ?” ಎಂದು ಡ್ರೈವರಿಗೆ ಹೇಳಿ, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಕಿಟಕಿಯ ಹತ್ತಿರ ಗಟ್ಟಿಯಾಗಿ ಕೂತರು.

ಗಂಡಸರೆಲ್ಲ ಬಸ್ಸಿನ ಹಿಂದೆ ನಿಂತು ನೂಕಲು ತೊಡಗಿದರು. ಕ್ಲೀನರು ಒಂದು ಮರದ ಕೊರಡು ಹಿಡಿದು, ಬಸ್ಸು ಒಂದಿಷ್ಟು ಮುಂದೆ ಹೋದಂತೆಲ್ಲ ಅದನ್ನು ಹಿಂದಿನ ಚಕ್ರಕ್ಕೆ ಆನಿಸುತ್ತಿದ್ದ. ನಾನು ನೂಕಲು ಹೋಗಲಿಲ್ಲ. ಮೇಷ್ಟ್ರು ಎಂದು ಅವರೂ ಕರೆಯಲಿಲ್ಲ. ಕೆಳಗಡೆ ರಸ್ತೆಯ ಮಧ್ಯದಲ್ಲಿ ನಿಂತು ನೋಡಿದೆ. ನೋಡಿದವನೇ ಬೆಚ್ಚಿದೆ: ಎಲ್ಲರದ್ದೂ ಬೆನ್ನು. ಒಂದು ಮುಖವೂ ಇಲ್ಲ. ಏರಿನ ಮೇಲೆ ಬಸ್ಸು, ಬಸ್ಸಿನ ಮೇಲೆ ಬರೀ ಆಕಾಶ. ಸಾಹೇಬರು ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸಿದೆ.

ಈ ಡಬ್ಬಿ ಕ್ಯಾಮೆರಾ ಕಣ್ಣಿಗೆ ಹಿಡಿದು ನೋಡುವಂಥದಲ್ಲ. ಅದರ ನೆತ್ತಿಯ ಮೇಲೆ ಒಂದು ಚಿಕ್ಕ ಗಾಜಿದೆ, ಬಾವಿಗೆ ಬಗ್ಗಿದ ಹಾಗೆ ಅದರೊಳಗೆ ನೋಡಬೇಕು. ಅದರಲ್ಲಿ ಲೋಕವೆಲ್ಲ ಸಣ್ಣದಾಗಿ, ದೂರವಾಗಿ, ಮುದ್ದಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಗಾಜಿನೊಳಗೆ ಬೆಂಕಿಪೊಟ್ಟಣದಂಥ ಬಸ್ಸು ಮೆಲ್ಲಗೆ ದೊಡ್ಡದಾಗುತ್ತಿತ್ತು. ಪರವಾಗಿಲ್ಲ, ಸ್ವಲ್ಪ ದೊಡ್ಡದಾದರೆ ಚೆನ್ನ ಎಂದುಕೊಂಡೆ. ಇರುವೆಗಳಂತೆ ಬೆನ್ನುಗಳು ಅತ್ತ ಇತ್ತ ಚೆದುರಿದವು. ಬೆನ್ನು ಕಡಿಮೆಯಾದರೂ ಚೆನ್ನ ಎಂದುಕೊಂಡೆ. ಕೊರಡು ಎರಡು ಸೀಳಾಗಿ ಚಕ್ರದಡಿಯಿಂದ ಚಿಮ್ಮಿದ್ದು ನನಗೆ ಕಾಣಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ, ಅಂದರೆ ಉಸಿರೊಂದು ಎಳೆದು ಬಿಡುವಷ್ಟರಲ್ಲಿ, ಬಸ್ಸು ಹಿಂದಕ್ಕೆ ಬರುತ್ತಿದೆ ಎಂದು ತಿಳಿಯಿತು. ರಸ್ತೆಯ ಒಂದು ಮಗ್ಗುಲಿಗೆ ಕೆರೆ, ಇನ್ನೊಂದು ಮಗ್ಗುಲಿಗೆ ಕಣದಲ್ಲಿ ಹುಲ್ಲಿನ ಮೆದೆ. ಗಾಜಿನಲ್ಲಿ ಕೆರೆ ಬಲಗಡೆಗೆ ಕಾಣುತ್ತಿತ್ತು. “ಎಡಕ್ಕೆ, ಎಡಕ್ಕೆ,” ಎಂದು ಡ್ರೈವರಿಗೆ ಕೂಗಿದೆ. ಕೆರೆ ಇದ್ದದ್ದೇ ಎಡಕ್ಕೆ. ಪುಣ್ಯಕ್ಕೆ ಮೇಷ್ಟ್ರ ಮಾತನ್ನು ಯಾರೂ ಕೇಳುವುದಿಲ್ಲ.

ಬಸ್ಸಿನೊಳಗೆ ನಡೆದದ್ದನ್ನು ಆಮೇಲೆ ಡ್ರೈವರೇ ಹೇಳಿದ. ಬ್ರೇಕು ಹಿಡಿಯುತ್ತಿಲ್ಲ, ಹಿಂದಿನಿಂದ ಅತ್ತೆಯವರು, “ಯಾಕಪ್ಪಾ, ಏನಾದ್ರೂ ಮರ್ತ್ಬಿಟ್ಟು ಬಂದ್ಯಾ?” ಎಂದು ವಿಚಾರಿಸಿದರಂತೆ. ಅಷ್ಟರಲ್ಲಿ ಕಿಟಕಿಯಿಂದ ಅವರಿಗೆ ನಾನು ಕಂಡೆ. ರಸ್ತೆಯ ನಡುವೆ ನಿಂತು, ಬಸ್ಸು ಮೈಮೇಲೆ ಬರುತ್ತಿದ್ದರೂ ತಲೆ ಬಗ್ಗಿಸಿ ಹೊಟ್ಟೆ ನೋಡಿಕೊಳ್ಳುತ್ತಿರುವ ಅಳಿಯ. ಒಂದು ಕೈಯಲ್ಲಿ ತಂಬಿಗೆ ಹಿಡಿದು, ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ನನ್ನ ಕಡೆ ತೋರಿಸಿ ಕೂಗಿದರು. ಆಗಲೂ ನನ್ನನ್ನು ಕೂಗಲಿಲ್ಲ. “ಜಯಾ, ನಿನ್ ಯಜಮಾನ್ರನ್ನ ಈಚೆಗೆ ಎಳ್ಕೊಳ್ಳೆ,” ಎಂದು ಮಗಳನ್ನೇ ಕೂಗಿದರು.

ರಸ್ತೆಯ ಪಕ್ಕದಲ್ಲಿದ್ದ ಜಯಮ್ಮ ಓಡಿಬಂದು ನನ್ನ ಕೋಟಿನ ಕತ್ತುಪಟ್ಟಿ ಹಿಡಿದು ಎಳೆದಳು. ಡಬ್ಬಿ ಆಕಾಶ ನೋಡಿತು, ಬೆರಳು ಗುಂಡಿ ಒತ್ತಿತು, ನಾನು ಚರಂಡಿಯಲ್ಲಿ ಕೂತೆ. ಬಸ್ಸು ನಾನು ನಿಂತಿದ್ದ ಜಾಗವನ್ನು ಹಾದುಹೋಯಿತು. ಡ್ರೈವರು ಕೆರೆಯನ್ನೂ ತಪ್ಪಿಸಿ, ಹಿಂದೆ ಒಲೆ ಉರಿಯುತ್ತಿದೆಯೆಂದು ಹುಲ್ಲಿನ ಮೆದೆಯನ್ನೂ ತಪ್ಪಿಸಿ, ರಸ್ತೆಯ ರಿಪೇರಿಗೆಂದು ಸುರಿದಿದ್ದ ಗರಸಿನ ರಾಶಿಯಲ್ಲಿ ಬಸ್ಸಿನ ಬೆನ್ನು ಹೂತು ನಿಲ್ಲಿಸಿದ. ದೂಳು ಇಳಿದ ಮೇಲೆ ಎಲ್ಲರೂ ಓಡಿದರು. ಅತ್ತೆಯವರು ಕೂತಲ್ಲೇ ಕೂತಿದ್ದರು. ತಂಬಿಗೆಯ ಬಾಯಿಗೆ ಸೆರಗು ಮುಚ್ಚಿಕೊಂಡಿದ್ದರು. ಜಯಮ್ಮ ಅಳುತ್ತಾ ಹತ್ತಿ ಹೋಗಿ ಅವರ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. “ನಂಗೇನಾಗೈತೆ?” ಎಂದರು ಅತ್ತೆ. “ನಿನ್ ಯಜಮಾನ್ರು ಅದ್ಯಾಕೆ ಹಂಗೆ ಸುಣ್ಣದಂಗೆ ಬಿಳಿಚ್ಕೊಂಡವ್ರೆ? ನೀರು ಕೊಡು ಅವ್ರಿಗೆ.”

ಇಷ್ಟೇ ನಡೆದದ್ದು. ಯಾರಿಗೂ ಏನೂ ಆಗಲಿಲ್ಲ. ಬೇರೆ ಬಸ್ಸು ಬಂತು, ಹರಕೆ ಸಂದಿತು, ಸಂಜೆ ಮನೆಗೆ ಬಂದು ಅನ್ನ ಸಾರು ಉಂಡೆವು. ಆದರೆ ನನ್ನೊಳಗಿನ ಬಸ್ಸಿಗೆ ಅಷ್ಟು ಒಳ್ಳೆಯ ಡ್ರೈವರಿಲ್ಲ. ಪಾಠ ಹೇಳುತ್ತ ಹೇಳುತ್ತ ಅದು ಒಮ್ಮೆ ಕೆರೆಗೆ ಹೋಗುತ್ತದೆ, ಒಮ್ಮೆ ಮೆದೆಗೆ. ಪಾಣಿಪತ್ತಿನ ಮಧ್ಯದಲ್ಲಿ ನಾನು ಸುಮ್ಮನೆ ನಿಂತುಬಿಟ್ಟರೆ ಹುಡುಗರು, ಮೇಷ್ಟ್ರು ಸತ್ತವರಿಗಾಗಿ ಮರುಗುತ್ತಿದ್ದಾರೆ ಎಂದು ತಿಳಿದು ಅವರೂ ಸುಮ್ಮನಾಗುತ್ತಾರೆ. ಪಾಠದಲ್ಲಿ ಇಷ್ಟು ಶಿಸ್ತು ಹಿಂದೆಂದೂ ಇರಲಿಲ್ಲ.

ರೀಲು ತೊಳೆಸಲು ನನಗೆ ಮನಸ್ಸಿರಲಿಲ್ಲ. ಜಯಮ್ಮನೇ ಕಳಿಸಿದಳು; ಗಡುವಿನ ವಿಷಯದಲ್ಲಿ ಮೋಸವಾಗಬಾರದು ಎಂದಳು. ಪಟ ಬಂತು. ಮೇಲೆ ಮೂರು ಪಾಲಲ್ಲಿ ಎರಡು ಪಾಲಿಗಿಂತ ಹೆಚ್ಚೇ ಆಕಾಶ, ಒಂದು ಮೂಲೆಯಲ್ಲಿ ಮೋಡ. ಕೆಳಗಿನ ತುದಿಯಲ್ಲಿ ಓರೆಯಾಗಿ ಬಸ್ಸಿನ ಮೇಲ್ಭಾಗ, ಒಂದು ಕಿಟಕಿ, ಕಿಟಕಿಯಿಂದ ಹೊರಗೆ ಚಾಚಿದ ಬಳೆ ತೊಟ್ಟ ಒಂದು ಕೈ. ಬೇರೆ ಯಾರೂ ಇಲ್ಲ. ನೋಡಿದವನೇ ಅದನ್ನು ಚಾಪೆಯ ಮೇಲೆ ಬೋರಲು ಹಾಕಿದೆ. ಜಯಮ್ಮ ಅದನ್ನು ಏನೂ ಹೇಳದೆ ಅತ್ತೆಯವರ ಮುಂದೆ ಹಿಡಿದಳು. ಅತ್ತೆ ಬಹಳ ಹೊತ್ತು ನೋಡಿದರು.

“ಯಾವೂರ ಬಸ್ಸೋ ಏನೋ ಕಣೆ, ಗೊತ್ತಾಗ್ಲಿಲ್ಲ. ಯಾವಳೋ ಕೈ ಹೊರಗೆ ಹಾಕ್ಕೊಂಡು ಕೂತವ್ಳೆ. ಬಸ್ಸಲ್ಲಿ ಕೈ ಹೊರಗೆ ಹಾಕ್ಬಾರ್ದು ಅಂತ ಯಾರೂ ಹೇಳ್ಲಿಲ್ವಾ ಅವ್ಳಿಗೆ?”

ಅತ್ತೆಯವರಿಗೆ ಗುರುತು ಸಿಗದ ಮೊದಲನೆಯ ಪಟ ಅದು. ಆದರೆ ಅದನ್ನು ಮಾರುವ ಧೈರ್ಯ ನನಗಿರಲಿಲ್ಲ. “ಬೇಡ ಬಿಡು, ಮಿಷನ್ನೇ ತಗೊಳ್ಳೋಣ. ನಾಳೆ ದರ್ಜೀನ ಬರಹೇಳು,” ಎಂದೆ. ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಜಯಮ್ಮ ಅಮ್ಮನ ಕಡೆ ನೋಡಿದಳು, ಪಟದ ಕಡೆ ನೋಡಿದಳು, ಅದನ್ನು ಒಂದು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. “ತಗೊಂಡ್ಹೋಗಿ. ಸೋತು ಕೊಟ್ಟರೆ ತಗೋತೀನಿ, ಹೆದರಿ ಕೊಟ್ಟ ಮಿಷನ್ನಲ್ಲಿ ನಾನು ಹೊಲಿಯಲ್ಲ.”

ಖಾದರ್ ಸಾಹೇಬರು ಪಟವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಮತ್ತೆ ದೂರ ಹಿಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಷ್ಟ್ರೇ, ಇದು ಪಟ. ಎಷ್ಟು ಖಾಲಿ, ಎಷ್ಟು ಶಾಂತಿ. ಯಾರೋ ತಾಯಿ ತವರಿಂದ ಹೋಗ್ತಾ ಅವ್ಳೆ, ಹೋಗ್ಬರ್ತೀನಿ ಅಂತ ಕೈ ಬೀಸ್ತಾ ಅವ್ಳೆ. ನೋಡಿದ್ರೆ ದಿಲ್ ತಣ್ಣಗಾಗುತ್ತೆ. ಇದನ್ನ ತೆಗೀಬೇಕಾದ್ರೆ ನಿಮ್ಮ ಮನಸ್ಸು ಎಷ್ಟು ನೆಮ್ಮದಿಯಾಗಿತ್ತೋ.”

ನಾನು ಅಂಗಡಿಯ ಕಂಬ ಹಿಡಿದುಕೊಂಡು ನಿಂತಿದ್ದೆ. ಸಾಹೇಬರು ದುಡ್ಡು ಎಣಿಸಿಕೊಟ್ಟು, ಇಂಥದ್ದೇ ಇನ್ನಷ್ಟು ತನ್ನಿ ಎಂದರು. ಇಂಥದ್ದಕ್ಕೆ ಬೇಕಾಗುವ ಸಲಕರಣೆ ಏನೇನು ಎಂದು ಅವರಿಗೆ ಹೇಗೆ ಹೇಳುವುದು?

ಹೀಗೆ ಡಬ್ಬಿ ನನ್ನದಾಯಿತು. ಜಯಮ್ಮ ಕೊಟ್ಟ ಮಾತಿನಂತೆ ಅದರ ಸುದ್ದಿ ಎತ್ತಲಿಲ್ಲ. ಆದರೆ ಆ ಚಿಕ್ಕ ಗಾಜಿನೊಳಗೆ ಬಗ್ಗಿ ನೋಡಿದರೆ ನನಗೆ ಎಲ್ಲವೂ ಮೆಲ್ಲಗೆ ದೊಡ್ಡದಾಗುವಂತೆ ಕಾಣುತ್ತದೆ. ಕಟ್ಟಿಹಾಕಿದ ಎಮ್ಮೆ ಕೂಡ. ಹಾಗಾಗಿ ಈಗ ಬಾವಿಯಕಟ್ಟೆ, ಒರಳುಕಲ್ಲು, ಮೈಲಿಗಲ್ಲು ಮುಂತಾದ, ಜಾಗ ಬಿಟ್ಟು ಕದಲದ ವಸ್ತುಗಳ ಪಟ ಮಾತ್ರ ತೆಗೆಯುತ್ತೇನೆ. ಸಾಹೇಬರು ಅವನ್ನು ಮರ್ಯಾದೆಯಿಂದ ಹಿಂದಿರುಗಿಸುತ್ತಾರೆ.

ಹೊಸ ವರ್ಷಕ್ಕೆ ಕ್ಯಾಲೆಂಡರು ಅಚ್ಚಾಗಿ ಬಂತು. ಸಾಹೇಬರೇ ಒಂದನ್ನು ಮನೆಗೆ ತಂದುಕೊಟ್ಟರು. ಮೇಲಿನ ಖಾಲಿಯಲ್ಲಿ ದಪ್ಪಕ್ಷರದಲ್ಲಿ ಯಾವುದೋ ನರಬಲದ ಟಾನಿಕ್ಕಿನ ಹೆಸರು, ಅದರ ಕೆಳಗೆ “ನಡುಕ, ಎದೆಬಡಿತ, ಕಾರಣವಿಲ್ಲದ ಭಯಕ್ಕೆ” ಎಂಬ ಸಾಲು, ಅದರ ಕೆಳಗೆ ಅತ್ತೆಯವರ ಕೈ. ಜೊತೆಗೆ ಒಂದು ಶೀಶೆ ಟಾನಿಕ್ಕನ್ನೂ ಕಂಪನಿಯವರು ಗೌರವಾರ್ಥ ಕಳಿಸಿದ್ದರು. ಅದು ಮುಗಿದು ಈಗ ಎರಡನೆಯ ಶೀಶೆ. ಇದನ್ನು ನಾನೇ ಕೊಂಡುಕೊಂಡೆ. ಬೆಳಿಗ್ಗೆ ಜಯಮ್ಮ ಚಮಚಕ್ಕೆ ಬಗ್ಗಿಸಿ ಕೊಡುತ್ತಾಳೆ. ನಾನು ಕ್ಯಾಲೆಂಡರು ತೂಗುಹಾಕಿದ ಗೋಡೆಗೆ ಬೆನ್ನು ಹಾಕಿ ಕುಡಿದು, ಇವತ್ತು ಯಾವ ತಾರೀಕು ಎಂದು ಅವಳನ್ನು ಕೇಳುತ್ತೇನೆ. ಅವಳು ಕ್ಯಾಲೆಂಡರು ನೋಡಿ ಹೇಳುತ್ತಾಳೆ.